ಆ ಒಂದು ಸೆಂಟಿಮೀಟರ್

1909ನೇ ಇಸವಿ. ಅಮೆರಿಕದ ಬಾಸ್ಟನ್ ನಗರದಲ್ಲಿ ಅರ್ನೆಸ್ಟ್ ಅಮೊರಿ ಕಾಡ್ಮನ್ ಎಂಬ ನಲವತ್ತರ ಆಸುಪಾಸಿನ ಶಸ್ತ್ರವೈದ್ಯ, ಭುಜದ ನೋವಿನಿಂದ ಬಳಲುತ್ತಿದ್ದ ರೋಗಿಯೊಬ್ಬರ ಭುಜವನ್ನು ಬಿಡಿಸಿ ನೋಡಿದ. ತೋಳನ್ನು ಪಕ್ಕಕ್ಕೆ ಎತ್ತಿಕೊಡುವ ಸುಪ್ರಾಸ್ಪೈನೇಟಸ್ ಸ್ನಾಯುವಿನ ರಜ್ಜು ಪೂರ್ತಿ ಹರಿದಿತ್ತು. ಮೂಳೆಗೆ ಅಂಟಿಕೊಂಡಿರಬೇಕಾದ ಅದರ ತುದಿ ಮೂಳೆಯನ್ನು ಬಿಟ್ಟು ಬಂದಿತ್ತು. ಕಾಡ್ಮನ್ ಅದನ್ನು ಎಳೆದು ತಂದು ಹೊಲಿದ. ಆ ಕಾಲಕ್ಕೆ ಇದು ವಾಡಿಕೆಯ ಚಿಕಿತ್ಸೆಯೇ ಅಲ್ಲ. ಭುಜ ಹಿಡಿದುಕೊಂಡಿದೆ, ತೋಳು ಮೇಲೇಳುತ್ತಿಲ್ಲ ಎಂದು ಬಂದವರಿಗೆ ವಾತವೆಂದೋ ಕೀಲಿನ ಸುತ್ತಲ ಉರಿಯೂತವೆಂದೋ ಹೆಸರಿಟ್ಟು ಸಮಾಧಾನ ಹೇಳಿ ಕಳಿಸುತ್ತಿದ್ದರು. ಒಳಗೆ ಏನೋ ಹರಿದಿರಬಹುದು, ಹರಿದದ್ದನ್ನು ಹೊಲಿಯಬಹುದು ಎಂದು ಯೋಚಿಸಿದವರು ತೀರ ಕಡಿಮೆ. 1911ರಲ್ಲಿ ಕಾಡ್ಮನ್ ಎರಡು ಯಶಸ್ವಿ ಪ್ರಕರಣಗಳ ವರದಿ ಪ್ರಕಟಿಸಿದ.

ಹರಿದ ರಜ್ಜನ್ನು ಕಂಡವರಲ್ಲಿ ಅವನೇ ಮೊದಲಿಗನಲ್ಲ. 1834ರಲ್ಲೇ ಲಂಡನ್ನಿನ ಜೆ. ಜಿ. ಸ್ಮಿತ್ ಎಂಬಾತ ಶವಗಳ ಭುಜವನ್ನು ಕೊಯ್ದು ನೋಡಿ ಇಂಥ ಹರುಕುಗಳನ್ನು ವಿವರಿಸಿದ್ದ. ಅದನ್ನು ಓದಿದವರು ಮರೆತರು, ಓದದವರಿಗೆ ಗೊತ್ತೇ ಆಗಲಿಲ್ಲ. ಮುಕ್ಕಾಲು ಶತಮಾನ ಹೀಗೇ ಕಳೆಯಿತು.

ಕಾಡ್ಮನ್ ಸುಮ್ಮನಾಗುವ ಜಾತಿಯವನಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯ ಹಾರ್ವಿ ಕುಶಿಂಗ್ ಜೊತೆ ಸೇರಿ, ಈಥರ್ ಕೊಟ್ಟು ಮಲಗಿಸಿದ ರೋಗಿಯ ನಾಡಿ, ಉಸಿರನ್ನು ಹೊತ್ತುಹೊತ್ತಿಗೆ ಗುರುತು ಹಾಕಿಕೊಳ್ಳುವ ಪಟ್ಟಿಯನ್ನು ರೂಪಿಸಿದ್ದ. ವೈದ್ಯನಾದ ಮೇಲೆ ಅವನಿಗೆ ಇನ್ನೊಂದು ಹಟ ಹಿಡಿಯಿತು. ಪ್ರತಿ ರೋಗಿಗೂ ಒಂದು ಕಾರ್ಡು ಬರೆದಿಡಬೇಕು, ವರ್ಷ ಕಳೆದ ಮೇಲೆ ಆ ರೋಗಿಯನ್ನು ಹುಡುಕಿ ಕೊನೆಗೇನಾಯಿತೆಂದು ಕೇಳಬೇಕು, ಗುಣವಾಗದಿದ್ದರೆ ಯಾರ ತಪ್ಪಿನಿಂದ, ಯಾವ ತಪ್ಪಿನಿಂದ ಎಂದು ಮುಚ್ಚುಮರೆಯಿಲ್ಲದೆ ಬರೆಯಬೇಕು ಎಂದು ಹಟ ಹಿಡಿದ. ಇದನ್ನು ‘ಅಂತಿಮ ಫಲಿತಾಂಶ’ದ ವಿಚಾರ ಎಂದು ಕರೆದ. ಅವನು ಕೆಲಸ ಮಾಡುತ್ತಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಇದಕ್ಕೆ ಒಪ್ಪಲಿಲ್ಲ. 1914ರಲ್ಲಿ ಅಲ್ಲಿಂದ ಹೊರಬಂದ. ಅಷ್ಟರಲ್ಲಿ ತನ್ನದೇ ಆದ ಹತ್ತು ಹನ್ನೆರಡು ಹಾಸಿಗೆಗಳ ಪುಟ್ಟ ಆಸ್ಪತ್ರೆಯನ್ನು ತೆರೆದಿದ್ದ. ಅಲ್ಲಿ ಆದ ತಪ್ಪುಗಳನ್ನೆಲ್ಲ ತಾನೇ ಅಚ್ಚು ಹಾಕಿಸಿ ಹಂಚಿದ.

1915ರ ಜನವರಿಯಲ್ಲಿ ಬಾಸ್ಟನ್ನಿನ ವೈದ್ಯರ ಸಭೆಯೊಂದನ್ನು ಅವನೇ ಕರೆದ. ಮಾತುಕತೆಯ ನಡುವೆ ದೊಡ್ಡದೊಂದು ವ್ಯಂಗ್ಯಚಿತ್ರದ ಪರದೆ ಸರಿಸಿದ. ಚಿತ್ರದಲ್ಲಿ ಉಷ್ಟ್ರಪಕ್ಷಿಯೊಂದು ಮರಳಿನಲ್ಲಿ ತಲೆ ಹುದುಗಿಸಿಕೊಂಡು ಹಿಂದಕ್ಕೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿತ್ತು. ಪಕ್ಷಿಯೆಂದರೆ ಊರಿನ ಸಿರಿವಂತ ರೋಗಿಗಳು, ಮೊಟ್ಟೆ ಹೆಕ್ಕುವವರು ವೈದ್ಯರು. ಸಭೆ ರೊಚ್ಚಿಗೆದ್ದಿತು. ಕಾಡ್ಮನ್ ವೈದ್ಯರ ಸಂಘದಲ್ಲಿ ತಾನಿದ್ದ ಅಧ್ಯಕ್ಷ ಸ್ಥಾನವನ್ನು ಬಿಡಬೇಕಾಯಿತು. ಸ್ನೇಹಿತರು ದೂರವಾದರು, ಆದಾಯ ಇಳಿಯಿತು.

ಹೀಗೆ ಒಂಟಿಯಾದವನು ಮತ್ತೆ ಭುಜಕ್ಕೇ ಮರಳಿದ. 1934ರಲ್ಲಿ, ಸ್ಮಿತ್ ಬರೆದು ಸರಿಯಾಗಿ ನೂರು ವರ್ಷಕ್ಕೆ, ‘ದಿ ಶೋಲ್ಡರ್’ ಎಂಬ ದಪ್ಪ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಹೊರತಂದ. ಅದರಲ್ಲೊಂದು ಜಾಗವನ್ನು ಬೆರಳಿಟ್ಟು ತೋರಿಸಿದ. ಸುಪ್ರಾಸ್ಪೈನೇಟಸ್ ರಜ್ಜು ಮೂಳೆಗೆ ಸೇರುವುದಕ್ಕೆ ಸುಮಾರು ಒಂದು ಸೆಂಟಿಮೀಟರ್ ಇರುವಾಗ ಬರುವ ಪಟ್ಟಿ ಅದು. ರಜ್ಜು ಸವೆಯುವುದು, ಹರಿಯುವುದು, ಸುಣ್ಣ ಕಟ್ಟುವುದು ಬಹುಪಾಲು ಅಲ್ಲೇ. ಅಲ್ಲೇ ಯಾಕೆ? ಅದಕ್ಕೆ ಗಟ್ಟಿ ಉತ್ತರ ಸಿಗುವ ಮೊದಲೇ, 1940ರಲ್ಲಿ, ಕಾಡ್ಮನ್ ತೀರಿಕೊಂಡ. ಅವನ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 2014ರಲ್ಲಿ.

ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಸ್ವೀಡನ್ನಿನಲ್ಲಿ. 1939ರಲ್ಲಿ ಕ್ನುಟ್ ಲಿಂಡ್‌ಬ್ಲೋಮ್ ಎಂಬ ಎಕ್ಸ್-ರೇ ತಜ್ಞ ಶವಗಳ ಭುಜದ ರಕ್ತನಾಳಗಳಿಗೆ ಎಕ್ಸ್-ರೇಯಲ್ಲಿ ಕಾಣುವ ದ್ರವ ತುಂಬಿ ಚಿತ್ರ ತೆಗೆದ. ಸ್ನಾಯುವಿನ ಕಡೆಯಿಂದ ನಾಳಗಳು ಕವಲೊಡೆಯುತ್ತ ಬಂದವು, ಮೂಳೆಯ ಕಡೆಯಿಂದಲೂ ಬಂದವು. ನಡುವೆ, ಕಾಡ್ಮನ್ ಬೆರಳಿಟ್ಟ ಪಟ್ಟಿಯಲ್ಲಿ, ಚಿತ್ರ ಹೆಚ್ಚುಕಡಿಮೆ ಖಾಲಿ. ರಕ್ತವೇ ಹೋಗದ ಜಾಗ ಬೇಗ ಸಾಯುತ್ತದೆ, ಸತ್ತದ್ದು ಹರಿಯುತ್ತದೆ. ಎಲ್ಲವೂ ಅಚ್ಚುಕಟ್ಟಾಗಿ ಹೊಂದಿಕೊಂಡಿತು.

ಹೊಂದಿಕೊಂಡದ್ದು ಇಪ್ಪತ್ತನಾಲ್ಕು ವರ್ಷ ಮಾತ್ರ. 1963ರಲ್ಲಿ ಮೋಸ್ಲಿ ಮತ್ತು ಗೋಲ್ಡಿ ಎಂಬಿಬ್ಬರು ಅದೇ ರೀತಿ ಶವಗಳ ನಾಳಗಳಿಗೆ ದ್ರವ ತುಂಬಿ ನೋಡಿ ತದ್ವಿರುದ್ಧ ವರದಿ ಕೊಟ್ಟರು. ಆ ಪಟ್ಟಿಯಲ್ಲಿ ನಾಳಗಳಿವೆ. ಮೂಳೆಯಿಂದ ಬಂದವೂ ಸ್ನಾಯುವಿನಿಂದ ಬಂದವೂ ಅಲ್ಲೇ ಒಂದನ್ನೊಂದು ಕೂಡುತ್ತವೆ. ಎರಡು ವರ್ಷ ಕಳೆಯುವುದರಲ್ಲಿ ರಾತ್‌ಮನ್ ಮತ್ತು ಪಾರ್ಕ್ ಇನ್ನೊಂದು ಅಧ್ಯಯನ ತಂದು, ಇಲ್ಲ, ಅಲ್ಲಿ ನಾಳಗಳು ಕಡಿಮೆಯೇ ಎಂದರು. ಒಂದೇ ಅಂಗ, ಒಂದೇ ಬಗೆಯ ಪರೀಕ್ಷೆ, ನುರಿತ ಕೈಗಳು, ಬೇರೆಬೇರೆ ಉತ್ತರ. ವಿಜ್ಞಾನದಲ್ಲಿ ಇಂಥ ಗಳಿಗೆ ಬಂದಾಗ ಯಾರೋ ಒಬ್ಬರು ಸುಳ್ಳು ನೋಡಿದ್ದಾರೆ ಎಂದು ಜಗಳಕ್ಕೆ ಇಳಿಯುವುದು ಸುಲಭ. ನೋಡುವ ಬಗೆಯಲ್ಲೇ ಏನೋ ಜಾರಿಹೋಗಿದೆ ಎಂದು ಹುಡುಕುವುದು ಕಷ್ಟ.

ಆ ಕಷ್ಟದ ದಾರಿ ಹಿಡಿದವರು ಕೆನಡಾದ ಟೊರಾಂಟೊ ನಗರದ ರಾತ್‌ಬನ್ ಮತ್ತು ಇಯಾನ್ ಮ್ಯಾಕ್ನಾಬ್. ಅವರೂ ಶವದ ಭುಜದ ನಾಳಗಳಿಗೆ ಬೇರಿಯಂ ಕಲಕಿದ ದ್ರವ ತುಂಬಿದರು. ತೋಳು ಮೈಗೆ ಅಂಟಿ ಇಳಿಬಿದ್ದಿದ್ದಾಗ ಆ ಒಂದು ಸೆಂಟಿಮೀಟರ್ ಲಿಂಡ್‌ಬ್ಲೋಮನ ಚಿತ್ರದ ಹಾಗೆಯೇ ಬರಿದಾಗಿತ್ತು. ತೋಳನ್ನು ಮೈಯಿಂದ ದೂರಕ್ಕೆ ಎತ್ತಿ ಹಿಡಿದು ದ್ರವ ತುಂಬಿದರೆ? ನಾಳಗಳು ತುದಿಯವರೆಗೆ ತುಂಬಿಕೊಂಡವು! ತೋಳು ಇಳಿಬಿದ್ದಾಗ ರಜ್ಜು ಮೂಳೆಯ ಗುಂಡುತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಒದ್ದೆ ಬಟ್ಟೆ ಹಿಂಡಿದಂತೆ ತನ್ನೊಳಗಿನ ನಾಳಗಳನ್ನು ಹಿಂಡಿಬಿಡುತ್ತಿತ್ತು. 1970ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮೂರು ದಶಕದ ವಾದದಲ್ಲಿ ಯಾರೂ ಗಮನಿಸದೆ ಬಿಟ್ಟ ಸಂಗತಿ, ಶವದ ತೋಳು ಯಾವ ಕಡೆ ಬಿದ್ದಿತ್ತು ಎನ್ನುವುದು.

ಆದರೂ ವಾದ ಮುಗಿಯಲಿಲ್ಲ. 1990ರಲ್ಲಿ ಒಟ್ಟಾವಾದ ಲೋರ್ ಮತ್ತು ಉಟಾಫ್ ರಜ್ಜನ್ನು ಪದರಪದರವಾಗಿ ನೋಡಿ, ಅದರ ಮೇಲ್ಮೈಯಲ್ಲಿ ನಾಳಗಳು ದಟ್ಟವಾಗಿಯೂ ಕೀಲಿನ ಕಡೆಯ ಒಳಮೈಯಲ್ಲಿ ವಿರಳವಾಗಿಯೂ ಇವೆ ಎಂದರು. ಅದೇ ವರ್ಷ ಇನ್ನೊಂದು ಸುದ್ದಿ ಬಂತು. ಸ್ವಿಯಾಂಟ್‌ಕೌಸ್ಕಿ, ಇಯನಾಟಿ ಮತ್ತು ಜೊತೆಗಾರರು ಶವಗಳನ್ನು ಬಿಟ್ಟು, ಶಸ್ತ್ರಕ್ರಿಯೆಯ ಮೇಜಿನ ಮೇಲಿದ್ದ ಜೀವಂತ ರೋಗಿಗಳ ರಜ್ಜಿನ ಮೇಲೆ ಲೇಸರ್ ಡಾಪ್ಲರ್ ಎಂಬ ಕಡ್ಡಿಯಂಥ ಸಾಧನವನ್ನು ಇಟ್ಟಿದ್ದರು. ಹರಿಯುವ ರಕ್ತಕಣಕ್ಕೆ ಬಡಿದು ವಾಪಸಾಗುವ ಬೆಳಕನ್ನು ಅಳೆದು ಅದು ರಕ್ತದ ಓಟವನ್ನು ಹೇಳುತ್ತದೆ. ಬರಿದು ಎಂದು ಪುಸ್ತಕಗಳು ಸಾರಿದ್ದ ಜಾಗದಲ್ಲಿ ರಕ್ತ ಹರಿಯುತ್ತಿತ್ತು. ಹರಿದ ಅಂಚಿನಲ್ಲಂತೂ ಜೋರಾಗಿಯೇ ಹರಿಯುತ್ತಿತ್ತು.

ಸತ್ತ ಭುಜ ಹೇಳಿದ್ದು ಒಂದು, ಬದುಕಿದ ಭುಜ ಹೇಳಿದ್ದು ಇನ್ನೊಂದು. ಲೇಸರ್ ಡಾಪ್ಲರ್‌ಗೂ ಮಿತಿಯಿತ್ತು. ಅದು ಮುಟ್ಟಿದ ಚುಕ್ಕೆಯಷ್ಟು ಜಾಗದ ಸಂಖ್ಯೆಯನ್ನು ಮಾತ್ರ ಕೊಡುತ್ತಿತ್ತು. ಪಕ್ಕದ ಎರಡು ಮಿಲಿಮೀಟರ್ ಆಚೆ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಕಡ್ಡಿಯನ್ನು ಎತ್ತಿ ಅಲ್ಲಿಡಬೇಕು. ಇಡೀ ರಜ್ಜಿನ ಮೇಲೆ ರಕ್ತ ಹರಡುವುದನ್ನು ಕಣ್ಣಾರೆ ನೋಡುವ ಉಪಾಯ ಯಾರ ಬಳಿಯೂ ಇರಲಿಲ್ಲ.

ನೋಡಲೇಬೇಕೆಂಬ ತುರ್ತು ಮಾತ್ರ ಹೆಚ್ಚುತ್ತ ಹೋಯಿತು. ಶಸ್ತ್ರಕ್ರಿಯೆಯ ಕೌಶಲ ಬೆಳೆದಿತ್ತು. ದೊಡ್ಡ ಗಾಯ ಮಾಡುವ ಬದಲು ಸಣ್ಣ ರಂಧ್ರದಿಂದ ಕೀಲಿನ ಒಳಗನ್ನು ತೋರಿಸುವ ಆರ್ಥ್ರೋಸ್ಕೋಪ್ ಎಂಬ ನಳಿಗೆ ತೂರಿಸಿ, ಮೂಳೆಗೆ ಆ್ಯಂಕರ್ ಎಂಬ ಮೊಳೆ ಕೂರಿಸಿ, ಅದರ ದಾರದಿಂದ ರಜ್ಜನ್ನು ಬಿಗಿದು ಕಟ್ಟುತ್ತಿದ್ದರು. ಹೊಲಿಗೆ ಗಟ್ಟಿ, ದಾರ ಗಟ್ಟಿ, ಗಂಟು ಗಟ್ಟಿ. 2004ರಲ್ಲಿ ಲೀಸಾ ಗಲಾಟ್ಜ್ ಮತ್ತು ಸಂಗಡಿಗರು, ದೊಡ್ಡ ಹರುಕುಗಳನ್ನು ಹೀಗೆ ಹೊಲಿಸಿಕೊಂಡ 18 ಮಂದಿಯ ಭುಜವನ್ನು ವರ್ಷ ಕಳೆದ ಮೇಲೆ ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿ ವರದಿ ಬರೆದರು. 17 ಮಂದಿಯಲ್ಲಿ ರಜ್ಜು ಮತ್ತೆ ಹರಿದಿತ್ತು. ನೋವು ತಗ್ಗಿದ್ದರಿಂದ ಮೊದಲ ವರ್ಷ ರೋಗಿಗಳು ಸಮಾಧಾನದಿಂದಲೇ ಇದ್ದರು. ಕಾಡ್ಮನ್ ಬದುಕಿದ್ದರೆ ಈ ವರದಿಯನ್ನು ಎದೆಗವಚಿಕೊಳ್ಳುತ್ತಿದ್ದ. ರೋಗಿ ನಗುತ್ತ ಮನೆಗೆ ಹೋದರೂ ಒಳಗೆ ಕೊನೆಗೇನಾಯಿತು ಎಂದು ಹುಡುಕಿಕೊಂಡು ಹೋಗಿ ನೋಡಿದ ವರದಿ ಅದು. ಹೊಲಿಗೆ ಗಟ್ಟಿಯಿದ್ದೂ ರಜ್ಜು ಕೂಡಿಕೊಳ್ಳದಿದ್ದರೆ, ಕೂಡಿಸಬೇಕಾದ ರಕ್ತ ಅಲ್ಲಿಗೆ ತಲುಪುತ್ತಿದೆಯೇ? ಬಿಗಿದ ಗಂಟೇ ಅದನ್ನು ತಡೆಯುತ್ತಿದೆಯೇ?

ಇದಕ್ಕೆ ಬೇಕಾದ ವಸ್ತು ಅಷ್ಟರಲ್ಲಾಗಲೇ ಅರ್ಧ ಶತಮಾನದಷ್ಟು ಹಳೆಯದಾಗಿತ್ತು. ಭುಜಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದು ಹುಟ್ಟಿದ್ದು ಹೃದಯಕ್ಕಾಗಿ.

1950ರ ದಶಕದಲ್ಲಿ ಮಿನೆಸೋಟದ ರಾಚೆಸ್ಟರ್ ಎಂಬ ಊರಿನ ಮೇಯೊ ಕ್ಲಿನಿಕ್‌ನಲ್ಲಿ ಅರ್ಲ್ ವುಡ್‌ನ ಪ್ರಯೋಗಾಲಯವಿತ್ತು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ನೂಕುತ್ತದೆ, ಅದರೊಳಗೆ ಎಲ್ಲಾದರೂ ರಂಧ್ರವಿದೆಯೇ ಎಂದು ತಿಳಿಯಲು ಅಲ್ಲೊಂದು ವಿಧಾನ ಬಳಸುತ್ತಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಮುಂದೆ ಒಂದು ಕಡೆ ಬೆಳಕು ಹಾಯಿಸಿ, ಬಣ್ಣ ಹೇಗೆ ಏರುತ್ತದೆ ಹೇಗೆ ತೆಳುವಾಗುತ್ತದೆ ಎಂದು ಗೆರೆ ಎಳೆಯುವ ವಿಧಾನ ಅದು. ಆಗಿದ್ದ ಬಣ್ಣ ಇವಾನ್ಸ್ ಬ್ಲೂ. ಅದು ಹಿಡಿಯುವ ಬೆಳಕನ್ನೇ ರಕ್ತವೂ ಹಿಡಿಯುತ್ತಿತ್ತು, ಅದೂ ಆಮ್ಲಜನಕ ಎಷ್ಟಿದೆ ಎನ್ನುವುದರ ಮೇಲೆ ಹೆಚ್ಚುಕಡಿಮೆಯಾಗಿ. ಹುಟ್ಟಿನಿಂದ ಹೃದಯದೋಷವಿದ್ದು ಮೈ ನೀಲಿಗಟ್ಟಿದ ಮಕ್ಕಳಲ್ಲೇ ಈ ಪರೀಕ್ಷೆ ಹೆಚ್ಚು ಬೇಕಾಗಿತ್ತು. ಆಮ್ಲಜನಕ ಏರಿಳಿಯುವುದೂ ಅವರಲ್ಲೇ ಹೆಚ್ಚು. ಗೆರೆ ಏರಿದ್ದು ಬಣ್ಣದಿಂದಲೋ ಆಮ್ಲಜನಕದಿಂದಲೋ ಹೇಳುವುದು ಹೇಗೆ? ಸಾಲದ್ದಕ್ಕೆ ಆ ನೀಲಿ ರಕ್ತದಲ್ಲಿ ಬಹಳ ಹೊತ್ತು ನಿಂತುಬಿಡುತ್ತಿತ್ತು. ಇನ್ನೊಮ್ಮೆ ಅಳೆಯೋಣವೆಂದರೆ ಹಳೆಯ ಬಣ್ಣ ಅಡ್ಡ.

ಆ ಪ್ರಯೋಗಾಲಯದಲ್ಲಿದ್ದ ಅರ್ವಿನ್ ಫಾಕ್ಸ್ ಇದರ ಬೆನ್ನು ಹತ್ತಿದ. ರಕ್ತದಲ್ಲಿ ಆಮ್ಲಜನಕ ಇರಲಿ ಬಿಡಲಿ, ಸುಮಾರು 805 ನ್ಯಾನೊಮೀಟರ್ ಅಲೆಯುದ್ದದ ಅವಕೆಂಪು ಬೆಳಕನ್ನು ಅದು ಒಂದೇ ಪ್ರಮಾಣದಲ್ಲಿ ಹೀರುತ್ತದೆ. ಸರಿಯಾಗಿ ಅಲ್ಲಿ ಬೆಳಕು ಹಿಡಿಯುವ ಬಣ್ಣ ಸಿಕ್ಕರೆ ಕಾಟ ತಪ್ಪಿತು. ಆ ಬಣ್ಣ ನೀರಿನಲ್ಲಿ ಕರಗಬೇಕು, ಮೈಗೆ ವಿಷವಾಗಬಾರದು, ಕೆಲಸ ಮುಗಿದೊಡನೆ ರಕ್ತದಿಂದ ಜಾಗ ಖಾಲಿ ಮಾಡಬೇಕು. ಔಷಧಿ ಕಪಾಟಿನಲ್ಲಿ ಅಂಥದ್ದೇನೂ ಇರಲಿಲ್ಲ.

ಅದು ಸಿಕ್ಕಿದ್ದು ಇನ್ನೊಂದು ರಾಚೆಸ್ಟರ್‌ನಲ್ಲಿ! ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಕೊಡಾಕ್ ಕಂಪನಿಯ ಸಂಶೋಧನಾಲಯವಿತ್ತು. ಅಲ್ಲಿ ಲೆಸ್ಲಿ ಬ್ರೂಕರ್ ಎಂಬ ರಸಾಯನ ವಿಜ್ಞಾನಿ ವರ್ಷಾನುಗಟ್ಟಲೆ ಸಯನೀನ್ ಎಂಬ ಬಣ್ಣಗಳ ಬೆನ್ನುಬಿದ್ದಿದ್ದ. ಫೋಟೊ ಫಿಲ್ಮಿಗೆ ಅವನ್ನು ಬೆರೆಸಿದರೆ ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಬೆಳಕೂ ಫಿಲ್ಮಿನ ಮೇಲೆ ಮೂಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಕೊಡಾಕ್‌ನ ಅವಕೆಂಪು ಫಿಲ್ಮುಗಳು, ಎಲೆ ಬಣ್ಣದ ಹೊದಿಕೆಯ ಕೆಳಗೆ ಅಡಗಿಸಿಟ್ಟ ಶತ್ರುವಿನ ಸರಂಜಾಮನ್ನು ವಿಮಾನದಿಂದ ಪತ್ತೆ ಹಚ್ಚಲು ಕೆಲಸಕ್ಕೆ ಬಂದಿದ್ದವು. ಹೃದಯದ ಕಷ್ಟ ಹೊತ್ತ ವೈದ್ಯ, ಫಿಲ್ಮಿನ ಬಣ್ಣ ಬಲ್ಲ ರಸಾಯನ ವಿಜ್ಞಾನಿಯ ಬಾಗಿಲು ತಟ್ಟಿದ. 1957ರಲ್ಲಿ ಫಾಕ್ಸ್, ಬ್ರೂಕರ್, ಹೆಸೆಲ್‌ಟೈನ್, ಎಸೆಕ್ಸ್, ವುಡ್ ಐವರೂ ಸೇರಿ ಹೊಸ ಬಣ್ಣದ ವರದಿ ಪ್ರಕಟಿಸಿದರು. ಇಂಡೊಸಯನೀನ್ ಗ್ರೀನ್ ಎಂಬ ಹೆಸರಿನ ಹಸಿರು ಪುಡಿ ಅದು. ಎರಡು ವರ್ಷದೊಳಗೆ ಅಮೆರಿಕದಲ್ಲಿ ಮನುಷ್ಯರ ಮೇಲೆ ಬಳಸಲು ಅನುಮತಿಯೂ ಸಿಕ್ಕಿತು. ಯಕೃತ್ತು ಅದನ್ನು ರಕ್ತದಿಂದ ಹೆಕ್ಕಿ ಪಿತ್ತಕ್ಕೆ ತಳ್ಳುತ್ತಿತ್ತು, ಮೂರು ನಾಲ್ಕು ನಿಮಿಷಕ್ಕೊಮ್ಮೆ ರಕ್ತದಲ್ಲಿದ್ದದ್ದು ಅರ್ಧಕ್ಕಿಳಿಯುತ್ತಿತ್ತು. ಹೃದಯವೈದ್ಯರ ಜೊತೆಗೆ ಯಕೃತ್ತಿನ ವೈದ್ಯರಿಗೂ ಅದು ಬಲು ಇಷ್ಟವಾಯಿತು. ಯಕೃತ್ತು ಎಷ್ಟು ಚುರುಕಾಗಿದೆ ಎಂದು ಅಳೆಯಲು ಅವರಿಗೊಂದು ಪರೀಕ್ಷೆ ಸಿಕ್ಕಿತು.

ಇಷ್ಟಾದರೂ ಅದರ ನಿಜವಾದ ಗುಟ್ಟು ಕೆಲಸಕ್ಕೆ ಬಾರದೆ ಉಳಿದಿತ್ತು. ಆ ಬಣ್ಣ ಬೆಳಕನ್ನು ಹೀರುವುದಷ್ಟೇ ಅಲ್ಲ, ಹೀರಿದ್ದರಲ್ಲಿ ಸ್ವಲ್ಪವನ್ನು ಬೇರೆ ಅಲೆಯುದ್ದದಲ್ಲಿ ವಾಪಸು ಸೂಸುತ್ತಿತ್ತು. ಆದರೆ ಅದು ಸೂಸುವುದೂ ಅವಕೆಂಪಿನಲ್ಲೇ. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ.

ಹೊಳೆಯುವ ಬಣ್ಣದಿಂದ ರಕ್ತನಾಳ ನೋಡಬಹುದು ಎಂದು ತೋರಿಸಿದ್ದು ಇಬ್ಬರು ವಿದ್ಯಾರ್ಥಿಗಳು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್ 1959ರಲ್ಲಿ ಫ್ಲೋರೆಸಿನ್ ಎಂಬ ಹಳೆಯ ಬಣ್ಣವನ್ನು ರಕ್ತಕ್ಕೆ ಕೊಟ್ಟು, ನೀಲಿ ಬೆಳಕು ಹಾಯಿಸಿ, ಕಣ್ಣಿನ ಅಕ್ಷಿಪಟಲದ ನಾಳಗಳು ಹಸಿರಾಗಿ ಹೊಳೆಯುವುದನ್ನು ಫೋಟೊ ತೆಗೆಯಲು ಹೊರಟರು. ಮೊದಲು ಯಾರ ಮೈಗೆ ಚುಚ್ಚುವುದು? ನಾಣ್ಯ ಚಿಮ್ಮಿದರು. ಆಲ್ವಿಸ್ ಸೋತ. ಅವನ ಕಣ್ಣಿನೊಳಗಿನ ನಾಳಗಳು ಒಂದೊಂದಾಗಿ ಬೆಳಗಿದವು. ಈ ಲೇಖನವನ್ನು ಕಣ್ಣಿನ ವೈದ್ಯರ ಪತ್ರಿಕೆ ಹಿಂದಿರುಗಿಸಿತು. ಕೊನೆಗೆ 1961ರಲ್ಲಿ ಅಚ್ಚಾದದ್ದು ಹೃದಯ ಮತ್ತು ರಕ್ತಪರಿಚಲನೆಯ ಪತ್ರಿಕೆಯಲ್ಲಿ.

ಫ್ಲೋರೆಸಿನ್ ಬೆಳಕು ಅಕ್ಷಿಪಟಲದ ಹಿಂದಿನ ಪದರವನ್ನು ತಲುಪುತ್ತಿರಲಿಲ್ಲ. ನಡುವಿನ ಕಪ್ಪು ವರ್ಣದ್ರವ್ಯ ಅದನ್ನು ತಡೆಯುತ್ತಿತ್ತು. ಅವಕೆಂಪು ಬೆಳಕಿಗೆ ಆ ತಡೆ ಕಡಿಮೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಫ್ಲವರ್ ಮತ್ತು ಬರ್ನಾರ್ಡ್ ಹಾಕ್‌ಹೈಮರ್ 1970ರ ದಶಕದ ಆರಂಭದಲ್ಲಿ ಹಸಿರು ಪುಡಿಯನ್ನು ಕೈಗೆತ್ತಿಕೊಂಡರು. ಎದುರಾಳಿ ಬಲು ಗಟ್ಟಿ. ಫ್ಲೋರೆಸಿನ್ ಸೂಸುವ ಬೆಳಕಿಗೆ ಹೋಲಿಸಿದರೆ ಇಂಡೊಸಯನೀನ್ ಗ್ರೀನ್ ಸೂಸುವುದು ಸುಮಾರು ನೂರಕ್ಕೆ ನಾಲ್ಕು ಪಾಲು. ಅಷ್ಟು ಮಂಕು ಬೆಳಕನ್ನು ಅಂದಿನ ಅವಕೆಂಪು ಫಿಲ್ಮು ಹಿಡಿಯಲು ತಿಣುಕಾಡುತ್ತಿತ್ತು. 1973ರಲ್ಲಿ ಚಿತ್ರ ತೆಗೆದರೇನೋ ಹೌದು, ಆದರೆ ಊರೂರಿನ ಕಣ್ಣಾಸ್ಪತ್ರೆ ಅದನ್ನು ನೆಚ್ಚಿಕೊಳ್ಳುವಷ್ಟು ಅದು ಸ್ಪಷ್ಟವಿರಲಿಲ್ಲ. ಫ್ಲವರ್ ಕೈಬಿಡಲಿಲ್ಲ. ವಿಡಿಯೊ ಕ್ಯಾಮೆರಾಗಳು ಬಂದವು, 1990ರ ದಶಕದಲ್ಲಿ ಡಿಜಿಟಲ್ ಕ್ಯಾಮೆರಾಗಳು ಬಂದವು. ಇಪ್ಪತ್ತು ವರ್ಷ ಕಾದ ಬಣ್ಣಕ್ಕೆ ಆಗ ಕಣ್ಣು ಸಿಕ್ಕಿತು.

ಅಲ್ಲಿಂದ ಮುಂದಕ್ಕೆ ಕತೆ ಓಡಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹೃದಯದ ಬೈಪಾಸ್ ಮಾಡುವವರು ಈ ಬಣ್ಣ ಕೊಟ್ಟು, ಹೊಲಿದ ನಾಳದಲ್ಲಿ ರಕ್ತ ಹರಿಯಿತೇ ಎಂದು ಎದೆ ಮುಚ್ಚುವ ಮೊದಲೇ ನೋಡಿಕೊಳ್ಳತೊಡಗಿದರು. 2003ರಲ್ಲಿ ಆಂಡ್ರಿಯಾಸ್ ರಾಬೆ ಮತ್ತು ಸಂಗಡಿಗರು ಮಿದುಳಿನ ಶಸ್ತ್ರಕ್ರಿಯೆಯಲ್ಲಿ ಅದನ್ನು ಬಳಸಿ ತೋರಿಸಿದರು. ಜಪಾನಿನಲ್ಲಿ ಒಂದು ಆಕಸ್ಮಿಕವೂ ನಡೆಯಿತು. ಯಕೃತ್ತಿನ ಕ್ಯಾನ್ಸರ್ ರೋಗಿಗಳಿಗೆ ಶಸ್ತ್ರಕ್ರಿಯೆಗೆ ಕೆಲವು ದಿನ ಮೊದಲು, ಯಕೃತ್ತಿನ ಚುರುಕುತನ ಅಳೆಯುವ ಹಳೆಯ ಪರೀಕ್ಷೆಗೆಂದು ಈ ಬಣ್ಣ ಕೊಟ್ಟಿದ್ದರು. ಶಸ್ತ್ರಕ್ರಿಯೆಯ ದಿನ ಅವಕೆಂಪು ಕ್ಯಾಮೆರಾ ಹಿಡಿದರೆ ಗಡ್ಡೆಗಳು ಹೊಳೆಯುತ್ತಿದ್ದವು. ಉಳಿದ ಯಕೃತ್ತು ಬಣ್ಣವನ್ನು ಪಿತ್ತಕ್ಕೆ ತಳ್ಳಿ ಮುಗಿಸಿತ್ತು, ಗಡ್ಡೆಗೆ ಅದು ಆಗಿರಲಿಲ್ಲ. 2009ರಲ್ಲಿ ಇಶಿಜಾವಾ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು.

ಹೃದಯ, ಯಕೃತ್ತು, ಕಣ್ಣು, ಮಿದುಳು ಎಲ್ಲ ಸುತ್ತಿ ಬಣ್ಣ ಭುಜಕ್ಕೆ ಬರುವಾಗ ತಡವಾಯಿತು, ಅದಕ್ಕೆ ಕಾರಣವೂ ಇತ್ತು. ಹೊಟ್ಟೆಯ ಶಸ್ತ್ರಕ್ರಿಯೆಗೆ ಬಳಸುವ ನಳಿಗೆ ಸಾಮಾನ್ಯವಾಗಿ 10 ಮಿಲಿಮೀಟರ್ ದಪ್ಪ. ಭುಜದ ಕೀಲಿಗೆ ತೂರಿಸುವ ಆರ್ಥ್ರೋಸ್ಕೋಪ್ 4 ಮಿಲಿಮೀಟರ್. ಅವಕೆಂಪು ಬೆಳಕು ಒಳಗೆ ಹೋಗಿ, ಮಂಕು ಹೊಳಪು ಹೊರಗೆ ಬರುವುದೆಲ್ಲ ಅಷ್ಟು ಸಣ್ಣ ಗಾಜಿನ ಹಾದಿಯಲ್ಲೇ ಆಗಬೇಕು. ಅದಕ್ಕಿಂತ ದೊಡ್ಡ ತೊಡಕು ಭುಜದ ಶಸ್ತ್ರಕ್ರಿಯೆಯ ಕ್ರಮದಲ್ಲೇ ಇತ್ತು. ಒಳಗಿನದು ನಿಚ್ಚಳವಾಗಿ ಕಾಣಲೆಂದು ಪಂಪಿನಿಂದ ಸಲೈನ್ ತುಂಬಿ ಕೀಲನ್ನು ಉಬ್ಬಿಸುತ್ತಾರೆ, ರಕ್ತ ಒಸರದಿರಲೆಂದು ಎಷ್ಟೋ ಕಡೆ ಆ ಸಲೈನಿಗೆ ಅಡ್ರಿನಲಿನ್ ಬೆರೆಸುತ್ತಾರೆ, ರಕ್ತದೊತ್ತಡವನ್ನೂ ತಗ್ಗಿಸಿ ಇಡುತ್ತಾರೆ. ಮೂರೂ ಸೇರಿ ಸಣ್ಣ ನಾಳಗಳನ್ನು ಮುಚ್ಚಿಸುತ್ತವೆ. ಶಸ್ತ್ರವೈದ್ಯ ಇಷ್ಟು ವರ್ಷ ಜಾಣತನದಿಂದ ದೂರವಿಟ್ಟ ರಕ್ತವನ್ನೇ ಈಗ ನೋಡಬೇಕಾಗಿತ್ತು. ಪಂಪಿನ ಒತ್ತಡ ಹೆಚ್ಚಿದ್ದಾಗ ಪರದೆಯ ಮೇಲೆ ಕತ್ತಲೆ ಕಂಡರೆ ಅದು ರಜ್ಜಿನ ಕತ್ತಲೆಯೋ ಪಂಪಿನ ಕತ್ತಲೆಯೋ? ಟೊರಾಂಟೊದ ಶವದ ತೋಳಿನಷ್ಟೇ ಮೋಸ ಮಾಡಬಲ್ಲ ಸಂಗತಿ ಇದು. ಅದಕ್ಕಾಗಿ ಬಣ್ಣ ಕೊಡುವ ಮೊದಲು ಒತ್ತಡ ಇಳಿಸಬೇಕು, ತೋಳು ಯಾವ ಕೋನದಲ್ಲಿದೆ ಎಂದು ಬರೆದುಕೊಳ್ಳಬೇಕು, ಪ್ರತಿ ಸಲವೂ ಅದೇ ಕೋನದಲ್ಲಿ ನೋಡಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ನಡೆಯುವುದು ಹೀಗೆ. 25 ಮಿಲಿಗ್ರಾಂ ಹಸಿರು ಪುಡಿಯ ಸೀಸೆಗೆ ಶುದ್ಧ ನೀರು ಸೇರಿಸಿ ಆಗಿಂದಾಗಲೇ ಕಲಕುತ್ತಾರೆ. ಕಲಕಿದ್ದು ಆರು ಗಂಟೆಯೊಳಗೆ ಮುಗಿಯಬೇಕು, ಇಟ್ಟರೆ ಕೆಡುತ್ತದೆ. ಅಯೋಡಿನ್ ಒಗ್ಗದವರಿಗೆ ಕೊಡುವಂತಿಲ್ಲ. ಅರಿವಳಿಕೆ ತಜ್ಞರು ಅದರಲ್ಲಿ ಒಂದಿಷ್ಟನ್ನು ಕೈನರಕ್ಕೆ ಬಿಡುತ್ತಾರೆ. ಕೋಣೆಯಲ್ಲಿ ಎಲ್ಲರೂ ಪರದೆ ನೋಡುತ್ತ ನಿಲ್ಲುತ್ತಾರೆ. ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡ ಬಣ್ಣ ನಾಳ ಬಿಟ್ಟು ಅಷ್ಟಾಗಿ ಹೊರಬೀಳುವುದಿಲ್ಲ, ಆದ್ದರಿಂದ ಅದು ಎಲ್ಲಿದೆಯೋ ಅಲ್ಲಿ ರಕ್ತವಿದೆ. ಆರ್ಥ್ರೋಸ್ಕೋಪ್ ತುದಿಯಿಂದ ಸುಮಾರು 780ರಿಂದ 805 ನ್ಯಾನೊಮೀಟರ್ ಬೆಳಕು ಬೀಳುತ್ತದೆ. ಬಣ್ಣ ಅದನ್ನು ಹೀರಿ ಸುಮಾರು 830 ನ್ಯಾನೊಮೀಟರ್‌ನಲ್ಲಿ ಸೂಸುತ್ತದೆ. ಶೋಧಕ ಗಾಜು ಮೊದಲನೆಯದನ್ನು ತಡೆದು ಎರಡನೆಯದನ್ನು ಮಾತ್ರ ಕ್ಯಾಮೆರಾಗೆ ಬಿಡುತ್ತದೆ. ಕಪ್ಪಾಗಿದ್ದ ರಜ್ಜಿನಲ್ಲಿ ಎಳೆಎಳೆಯಾಗಿ ಬೆಳಕು ಹರಡಿಕೊಳ್ಳುವುದು ಕಾಣುತ್ತದೆ. ಯಾವ ಅಂಚು ಮೊದಲು ಬೆಳಗಿತು, ಯಾವುದು ತಡವಾಯಿತು, ಯಾವುದು ಕತ್ತಲೆಯಲ್ಲೇ ಉಳಿಯಿತು ಎಂದು ಗುರುತು ಮಾಡಿಕೊಳ್ಳಬಹುದು.

ಫಾಕ್ಸ್ ಹೃದಯದ ಗೆರೆ ಕೆಡದಿರಲೆಂದು ಆರಿಸಿಕೊಂಡ ಆ ಒಂದು ಗುಣವೇ ಇಲ್ಲಿ ಕೆಲಸಕ್ಕೆ ಬಂತು. 800 ನ್ಯಾನೊಮೀಟರ್ ಸುತ್ತಮುತ್ತ ರಕ್ತವೂ ಮಾಂಸವೂ ಬೆಳಕನ್ನು ಕಡಿಮೆ ಹೀರುತ್ತವೆ. ಅದಕ್ಕೇ ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಆಳದ ನಾಳಗಳ ಹೊಳಪೂ ಹೊರಗೆ ಬರುತ್ತದೆ. ರಜ್ಜಿನ ದಪ್ಪವೂ ಕೆಲವೇ ಮಿಲಿಮೀಟರ್.

ಕಾಡ್ಮನ್ ಬೆರಳಿಟ್ಟ ಜಾಗದ ಒಗಟೂ ಈಗ ಬಹುಮಟ್ಟಿಗೆ ಬಿಡಿಸಿಕೊಂಡಿದೆ. ಆ ಒಂದು ಸೆಂಟಿಮೀಟರ್ ರಕ್ತವಿಲ್ಲದ ಜಾಗವಲ್ಲ. ಎರಡು ಕಡೆಯಿಂದ ಬರುವ ಸಣ್ಣ ನಾಳಗಳು ಸೇರುವ ಜಾಗ ಅದು. ಒಳಮೈಯಲ್ಲಿ ಅವು ವಿರಳ, ತೋಳು ಇಳಿಬಿದ್ದಾಗ ಬೇಗ ಹಿಂಡಿಹೋಗುತ್ತವೆ. 2008ರಲ್ಲಿ ನ್ಯೂಯಾರ್ಕ್‌ನ ರಡ್‌ಸ್ಕಿ ಮತ್ತು ಸಂಗಡಿಗರು ಅಲ್ಟ್ರಾಸೌಂಡ್‌ನಿಂದ, ನೋವಿಲ್ಲದ ಭುಜಗಳಲ್ಲೂ ವಯಸ್ಸು ನಲವತ್ತು ದಾಟಿದ ಮೇಲೆ ಅಲ್ಲಿ ರಕ್ತದ ಓಟ ತಗ್ಗುವುದನ್ನು ತೋರಿಸಿದ್ದರು. ಹಸಿರು ಪುಡಿಯ ಪ್ರಯೋಗಗಳು ಭುಜದಲ್ಲಿ ಇನ್ನೂ ಸಣ್ಣ ಪ್ರಮಾಣದಲ್ಲೇ ನಡೆಯುತ್ತಿವೆ. ಹೊಳಪು ಕಂಡ ರಜ್ಜು ಚೆನ್ನಾಗಿ ಕೂಡಿಕೊಳ್ಳುತ್ತದೆಯೇ ಎನ್ನುವುದನ್ನು, ಕಾಡ್ಮನ್ ಹಟ ಹಿಡಿದ ಹಾಗೆಯೇ, ರೋಗಿಗಳನ್ನು ವರ್ಷದ ಮೇಲೆ ಕರೆದು ನೋಡಿಯೇ ತೀರ್ಮಾನಿಸಬೇಕು. ಶಸ್ತ್ರವೈದ್ಯನ ಕೈಗೆ ಮಾತ್ರ ಆಗಲೇ ಒಂದು ಸೌಕರ್ಯ ಸಿಕ್ಕಿದೆ. ದಾರ ಬಿಗಿಯುವ ಮೊದಲು ಒಮ್ಮೆ ನೋಡಿ, ಬಣ್ಣ ಇಳಿಯುವವರೆಗೆ ಕಾದು, ಗಂಟು ಹಾಕಿದ ಮೇಲೆ ಇನ್ನೊಂದು ಸಣ್ಣ ಪ್ರಮಾಣ ಕೊಡಿಸಿ ಮತ್ತೆ ನೋಡಬಹುದು. ಮೊದಲು ಬೆಳಗಿದ ಅಂಚು ಈಗ ಕತ್ತಲಾಗಿದ್ದರೆ ಗಂಟು ಬಿಚ್ಚಿ, ದಾರವನ್ನು ಸಡಿಲ ಮಾಡಿ, ಮತ್ತೆ ಕಟ್ಟಬಹುದು.